ಆಲ್ಫಾಮಾದ ಆಟೊ ಮತ್ತು ಫಿಲೋಮಿನಕ್ಕನ ಬತ್ತಿ

ಆಟೊ ಹತ್ತುವುದಕ್ಕೆ ವಿರಾಜಪೇಟೆಯಿಂದ ಲಿಸ್ಬನ್ನಿನವರೆಗೆ ಹೋಗಬೇಕಾಗಿರಲಿಲ್ಲ. ನಮ್ಮ ಗಡಿಯಾರ ಕಂಬದ ಹತ್ತಿರವೇ ಸಾಲಾಗಿ ನಿಂತಿರುತ್ತವೆ. ಕರೆದರೆ ಬರುತ್ತವೆ, ನಿಲ್ಲಿಸು ಅಂದಲ್ಲಿ ನಿಲ್ಲುತ್ತವೆ. ಆ ಊರಿನ ಆಟೊಕ್ಕೂ ಮೂರೇ ಚಕ್ರ, ಆದರೆ ನಿಲ್ಲಿಸು ಅಂದಲ್ಲಿ ನಿಲ್ಲುವ ಗುಣ ಮಾತ್ರ ಅದಕ್ಕೆ ಇರಲಿಲ್ಲ. ನನ್ನ ಸಿಟ್ಟೆಲ್ಲ ಅಲ್ಲಿಂದಲೇ ಶುರು.

ವಿರಾಜಪೇಟೆ, ಹೊರಡುವ ಮೊದಲು

ತೋಟದ ಕಾಳುಮೆಣಸು ಕೈಹಿಡಿದ ವರ್ಷ ಅದು. ಸ್ಪೇನ್, ಪೋರ್ಚುಗಲ್ ತೋರಿಸುತ್ತೇವೆ ಎಂದ ಬೆಂಗಳೂರಿನ ಒಂದು ತಂಡದ ಜೊತೆ ಹೋಗಿಬರೋಣ ಅಂತ ನಮ್ಮ ಯಜಮಾನರಿಗೆ ಹುಕಿ ಬಂತು. ನನಗೂ ಬೇಡವೆನ್ನಿಸಲಿಲ್ಲ. ವಿಷಯ ತಿಳಿದ ದಿನವೇ ಪಕ್ಕದ ಮನೆಯ ಫಿಲೋಮಿನಕ್ಕ ಕಾಂಪೌಂಡಿನ ಹತ್ತಿರ ಬಂದು ಕೈಸನ್ನೆ ಮಾಡಿ ಕರೆದರು.

ಕೈಸನ್ನೆ ಮಾಡಿ ಎಂದೆನಲ್ಲ, ಅದನ್ನು ಸ್ವಲ್ಪ ಹೇಳಬೇಕು. ಫಿಲೋಮಿನಕ್ಕ ಪ್ರೈಮರಿ ಶಾಲೆಯ ಟೀಚರಾಗಿದ್ದವರು. ಅವರ ಗಂಟಲು ಹೇಗಿತ್ತೆಂದರೆ, ಅಡುಗೆಮನೆಯಲ್ಲಿ ನಿಂತು ಬೆಕ್ಕಿಗೆ ಬೈದರೆ ರಸ್ತೆಯ ಆಚೆ ಬದಿಯ ನಾಯಿ ಎದ್ದು ಹೋಗುತ್ತಿತ್ತು. ಚರ್ಚಿನ ಹಾಡಿನ ಗುಂಪಿನಲ್ಲಿ ಮುಂದಿನ ಸಾಲು ಅವರದೇ. ಆಮೇಲೆ ಗಂಟಲಿಗೆ ಗಡ್ಡೆ ಬಂತು, ಆಪರೇಷನ್ ಆಯಿತು, ಧ್ವನಿ ಪೂರ್ತಿ ಹೋಯಿತು. ಬಂದರೂ ಬರಬಹುದು, ಬಾರದೆಯೂ ಇರಬಹುದು ಎಂದರು ಡಾಕ್ಟರು. ಸಂತ ಅಂತೋಣಿ ಕಳೆದುಹೋದದ್ದನ್ನು ಹುಡುಕಿಕೊಡುವವರು ಅಂತ ಅಕ್ಕನ ಕಡೆಯವರಲ್ಲಿ ಬಲವಾದ ನಂಬಿಕೆ. ಧ್ವನಿ ಹುಡುಕಿಕೊಟ್ಟರೆ ನಿಮ್ಮ ಹುಟ್ಟೂರಿನಲ್ಲಿ ಬತ್ತಿ ಹಚ್ಚಿಸುತ್ತೇನೆ ಅಂತ ಅಕ್ಕ ಹರಕೆ ಹೊತ್ತರು. ಕೆಲವು ತಿಂಗಳಲ್ಲಿ ಧ್ವನಿ ಬಂತು. ಬಂದದ್ದು ಅರ್ಧ ಮಾತ್ರ. ಪಕ್ಕದಲ್ಲಿ ಕೂತವರಿಗೆ ಕೇಳುವಷ್ಟು, ಗಾಳಿ ಬೆರೆತ ಪಿಸುಮಾತು. ಅಂತೋಣಿಯವರ ಹುಟ್ಟೂರು ಲಿಸ್ಬನ್.

"ಗಿರಿಜಾ, ಅವರು ಹುಟ್ಟಿದ ಜಾಗದಲ್ಲೇ ಚರ್ಚಿದೆಯಂತೆ. ಇದನ್ನು ಅಲ್ಲಿ ಹಚ್ಚಿ ಬಾ. ನಾನಂತೂ ಹೋಗೋಳಲ್ಲ," ಎಂದು ಪಿಸುಗುಟ್ಟಿ, ಬಾಳೆನಾರಿನಲ್ಲಿ ಸುತ್ತಿದ ಒಂದು ಮೇಣದಬತ್ತಿ ಕೊಟ್ಟರು. ಕರಿಕೆ ಊರಿನ ಕಾಡಿನ ಕಡೆಯಿಂದ ಜೇನುಮೇಣ ತರಿಸಿ ಅವರೇ ಮಾಡಿದ್ದು. ಒಂದು ಗೇಣು ಉದ್ದ, ಮೂಗಿನ ಹತ್ತಿರ ತಂದರೆ ಜೇನಿನ ವಾಸನೆ.

ನನ್ನ ತವರು ಸಂಪಾಜೆ. ನಮ್ಮ ಮನೆಯಲ್ಲಿ ಒಂದು ಪದ್ಧತಿ ಇತ್ತು. ಇನ್ನೊಬ್ಬರ ಹರಕೆ ಒಪ್ಪಿಸಲು ಹೋಗುವ ದಿನ, ಅದು ಮುಗಿಯುವವರೆಗೆ ನೀರು ಬಿಟ್ಟು ಬೇರೇನೂ ಬಾಯಿಗೆ ಹಾಕಬಾರದು. ಒಪ್ಪಿಸದೆ ಹಿಂದೆ ತರುವ ಮಾತಂತೂ ಇಲ್ಲವೇ ಇಲ್ಲ. ನನ್ನ ಅಮ್ಮ ಹಾಗೆಯೇ ಮಾಡುತ್ತಿದ್ದರು. ದೇವರು ಯಾರಾದರೇನು ಅಂತ ನಾನೂ ಹಾಗೆಯೇ ನಿಶ್ಚಯ ಮಾಡಿದೆ. ಇದನ್ನು ಫಿಲೋಮಿನಕ್ಕನ ಹತ್ತಿರ ಹೇಳಲಿಲ್ಲ, ಹೇಳುವ ವಿಷಯ ಅಂತ ಅನ್ನಿಸಲೂ ಇಲ್ಲ.

ಚೌಕದಲ್ಲಿ ಆಟೊ

ಲಿಸ್ಬನ್ನಿನಲ್ಲಿ ನಮ್ಮ ಪಾಲಿಗೆ ಸಿಕ್ಕಿದ್ದು ಒಂದೇ ಮಧ್ಯಾಹ್ನ. ಬಸ್ಸಿನವನು ಒಂದು ದೊಡ್ಡ ಚೌಕದಲ್ಲಿ ಇಳಿಸಿ, ಸಂಜೆ ಇಲ್ಲೇ ಇರಿ, ತಡವಾದರೆ ಬಿಟ್ಟು ಹೋಗುತ್ತೇನೆ ಎಂದು ನಗುನಗುತ್ತಲೇ ಬೆದರಿಸಿದ. ಹಳೆಯ ಊರೆಲ್ಲ ಗುಡ್ಡದ ಮೇಲೆ. ಆಲ್ಫಾಮಾ ಅಂತ ಅದರ ಹೆಸರು. ನನ್ನ ಮಂಡಿ ನೋವಿನ ಕಥೆ ತಂಡಕ್ಕೆಲ್ಲ ಗೊತ್ತಿತ್ತು. ಹಾಗಾಗಿ ನಮ್ಮಿಬ್ಬರಿಗೆ ಒಂದು ಆಟೊ ಗೊತ್ತುಮಾಡಿಕೊಟ್ಟರು. ಗುಡ್ಡ ಸುತ್ತಿಸಿ ತೋರಿಸುವ ಆಟೊ. ಓಡಿಸುವವನೇ ಗೈಡು. ಹೆಸರು ಟಿಯಾಗೊ, ಕಿವಿಗೊಂದು ಓಲೆ, ಬಾಯಿತುಂಬ ಇಂಗ್ಲಿಷು.

ಹತ್ತುವ ಮೊದಲೇ ಬತ್ತಿ ತೋರಿಸಿ ಹೇಳಿದೆ, "ಸಂತ ಅಂತೋಣಿ ಚರ್ಚು. ಅಲ್ಲಿ ನಿಲ್ಲಿಸಬೇಕು. ನಿಲ್ಲಿಸ್ತೀಯಾ?"

"ಖಂಡಿತ, ಖಂಡಿತ, ನೋ ಪ್ರಾಬ್ಲೆಮ್," ಎಂದ ಟಿಯಾಗೊ.

ನೋ ಪ್ರಾಬ್ಲೆಮ್ ಎನ್ನುವವರನ್ನು ನಮ್ಮೂರಲ್ಲಿ ನಾನು ಸುಲಭಕ್ಕೆ ನಂಬುವುದಿಲ್ಲ. ಪ್ಲಂಬರು ಹಾಗಂದರೆ ಎರಡು ವಾರ ನಲ್ಲಿ ಸೋರುತ್ತದೆಂದೇ ಅರ್ಥ. ಪರದೇಶ ಅನ್ನುವ ಕಾರಣಕ್ಕೆ ಬುದ್ಧಿ ಎಲ್ಲೋ ಇಟ್ಟು ನಂಬಿದೆ. ಬೆಳಗ್ಗೆ ಹೋಟೆಲಿನಲ್ಲಿ ಎಲ್ಲರೂ ಬ್ರೆಡ್ಡು, ಮೊಟ್ಟೆ, ಹಣ್ಣು ಅಂತ ತಟ್ಟೆ ತುಂಬಿಕೊಳ್ಳುವಾಗ ನಾನು ನೀರು ಕುಡಿದು ಎದ್ದಿದ್ದೆ. ಬದಿಯ ಟೇಬಲ್ಲಿನಿಂದ ಕಾಫಿಯ ಘಮ ಬರುತ್ತಿತ್ತು. ಕಾಫಿ ಬೆಳೆಯುವವಳಿಗೆ ಅದರ ವಾಸನೆ ಮಾತ್ರ ದಕ್ಕಿದ ದಿನ ಅದು. ಅಷ್ಟರಲ್ಲಿ ನನ್ನ ಸಹನೆ ಎಷ್ಟು ಉಳಿದಿರಬಹುದು ಅಂತ ನೀವೇ ಊಹಿಸಿ.

ನಿಲ್ಲದ ಚರ್ಚು

ಆಟೊಕ್ಕೆ ಸದ್ದೇ ಇಲ್ಲ, ಬ್ಯಾಟರಿಯದು. ಕಲ್ಲು ಹಾಸಿದ ರಸ್ತೆಯಲ್ಲಿ ನಮ್ಮ ಎಲುಬುಗಳದೇ ಸದ್ದು. ಟಿಯಾಗೊ ಬಲಗೈ ಎತ್ತಿ, "ಇದು ತುಂಬಾ ಹಳೇದು," ಎನ್ನುವನು. ಎಡಗೈ ಎತ್ತಿ, "ಇದು ಇನ್ನೂ ಹಳೇದು," ಎನ್ನುವನು. ಎರಡೂ ಕೈ ಎತ್ತಿದಾಗ ಹ್ಯಾಂಡಲ್ ಯಾರು ಹಿಡಿಯುತ್ತಿದ್ದರೋ ದೇವರಿಗೇ ಗೊತ್ತು. ನಮ್ಮ ಯಜಮಾನರು ಪ್ರತಿ ತಿರುವಿನಲ್ಲೂ ಬಲಗಾಲು ಒತ್ತಿ ಬ್ರೇಕ್ ಹಾಕುತ್ತಿದ್ದರು. ಅವರ ಕಾಲಡಿ ಇದ್ದದ್ದು ಬರೀ ರಬ್ಬರ್ ಮ್ಯಾಟು.

ಸ್ವಲ್ಪ ಏರಿದ ಮೇಲೆ ಎಡಗಡೆ ಒಂದು ಚರ್ಚು ಕಂಡಿತು. ಅದರ ಮುಂದೆ ಸಂತನ ವಿಗ್ರಹ.

"ಇದೇ ಸಂತ ಅಂತೋಣಿಯ ಚರ್ಚು. ಅವರು ಹುಟ್ಟಿದ ಮನೆ ಇದ್ದದ್ದು ಇಲ್ಲೇ," ಎಂದ ಟಿಯಾಗೊ. ಹಾಗೆಂದು ಆಟೊವನ್ನು ಇನ್ನೂ ಜೋರಾಗಿ ಬಿಟ್ಟ.

"ಸ್ಟಾಪ್! ಸ್ಟಾಪ್!" ಎಂದೆ.

"ಇಲ್ಲಿ ನಿಲ್ಲಿಸೋ ಹಾಗಿಲ್ಲ ಮೇಡಂ. ಹಿಂದೆ ಟ್ರಾಮ್ ಬರ್ತಿದೆ. ವಾಪಸ್ ಬರುವಾಗ ನೋಡೋಣ."

ಹಿಂದೆ ನೋಡಿದರೆ ಹಳದಿ ಟ್ರಾಮೊಂದು ಗಂಟೆ ಬಾರಿಸುತ್ತ ಬರುತ್ತಿದ್ದದ್ದು ನಿಜ. ಅದು ಸುಳ್ಳಲ್ಲ. ಆದರೆ ಇನ್ನೊಂದು ನೂರು ಮಾರು ಹೋದ ಮೇಲೆ ಗೋಡೆಯ ಮೇಲೆ ಯಾರೋ ಬಣ್ಣದ ಮೀನು ಬರೆದಿದ್ದರು. ಅಲ್ಲಿ ಆಟೊ ಚೊಕ್ಕವಾಗಿ ನಿಂತಿತು! ಫೋಟೊ ತೆಗೆಸಿಕೊಳ್ಳಿ ಎಂದು ನಮ್ಮನ್ನು ಇಳಿಸಿದ. ಅಲ್ಲಿಯೂ ಹಿಂದೆ ಗಾಡಿಗಳಿದ್ದವು, ಅವು ಕಾದವು. ಮೀನಿಗೆ ನಿಲ್ಲಲು ಜಾಗ ಉಂಟು, ಸಂತನಿಗೆ ಇಲ್ಲ. ನನ್ನ ಕಿವಿ ಬಿಸಿಯಾಗಿದ್ದು ಆಗಲೇ.

"ವಾಪಸ್ ಇದೇ ದಾರೀಲಿ ಬರ್ತೀವಾ?" ಎಂದು ಕೇಳಿದೆ.

"ಇಲ್ಲ ಮೇಡಂ. ಮೇಲಿನ ವ್ಯೂ ಪಾಯಿಂಟಿನಿಂದ ಆ ಕಡೆ ಇಳೀತೀವಿ. ಅದು ಇನ್ನೂ ಚೆನ್ನಾಗಿದೆ."

"ಹಾಗಾದ್ರೆ ವಾಪಸ್ ಬರುವಾಗ ನೋಡೋಣ ಅಂದಿದ್ದು ಎಂತಕ್ಕೆ?"

ಅವನು ಭುಜ ಕುಣಿಸಿ ನಕ್ಕ. ನಮ್ಮ ಯಜಮಾನರು ನನ್ನ ತೋಳು ಮುಟ್ಟಿ, "ಎಂತ ಆತ್ ನಿಂಗೆ? ಸುಮ್ನೆ ಕೂರ್ ಮಾರಾಯ್ತಿ," ಎಂದರು. ಬೆಳಗ್ಗೆ ಎರಡು ಮೊಟ್ಟೆ ತಿಂದವರಿಗೆ ಸುಮ್ಮನೆ ಕೂರುವುದು ಸುಲಭ.

ಬಟ್ಟೆ ಒಣಗುವ ಓಣಿ

ಅಲ್ಲಿಂದ ಮುಂದೆ ಓಣಿಗಳು. ಎರಡು ಕಡೆಯ ಕಿಟಕಿಯಿಂದ ಕೈ ಚಾಚಿದರೆ ಮುಟ್ಟುವಷ್ಟು ಇಕ್ಕಟ್ಟು. ಸಂತನ ಜೂನ್ ತಿಂಗಳ ಹಬ್ಬ ಮುಗಿದು ಸ್ವಲ್ಪ ದಿನವಾಗಿತ್ತು, ಬಣ್ಣದ ಕಾಗದದ ತೋರಣ ಇನ್ನೂ ಇಳಿಸಿರಲಿಲ್ಲ. ಒಂದು ಮೂಲೆಯಲ್ಲಿ ಕೆಂಡದ ಮೇಲೆ ಮತ್ತಿ ಮೀನು ಸುಡುತ್ತಿದ್ದರು. ಸಾಕ್ಷಾತ್ ನಮ್ಮ ಮತ್ತಿ! ಉಪ್ಪು ಸವರಿದ್ದು, ಚಟಚಟ ಎನ್ನುತ್ತಿತ್ತು. ಆ ಹೊಗೆ ನನ್ನ ಹೊಟ್ಟೆಯ ತಳದವರೆಗೆ ಹೋಗಿ ಬಂತು.

ಕಿಟಕಿಗಳಲ್ಲೆಲ್ಲ ಒಣಹಾಕಿದ ಬಟ್ಟೆ. ಲಂಗ, ಬನಿಯನ್ನು, ಮಕ್ಕಳ ಚಡ್ಡಿ. ನಮ್ಮ ಮುಂದೆ ಮೂರು ಆಟೊ. ಎಲ್ಲ ಆಟೊದಿಂದಲೂ ಫೋನುಗಳು ಮೇಲೆದ್ದು ಆ ಚಡ್ಡಿಗಳ ಫೋಟೊ ಹಿಡಿಯುತ್ತಿದ್ದವು. ಒಬ್ಬಳು ಹೆಂಗಸು ಕಿಟಕಿ ತೆಗೆದು ಬಟ್ಟೆ ಎಳೆದುಕೊಳ್ಳಲು ಬಂದಳು, ನಮ್ಮನ್ನು ನೋಡಿದಳು, ಬಟ್ಟೆ ಅಲ್ಲೇ ಬಿಟ್ಟು ಕಿಟಕಿ ಮುಚ್ಚಿದಳು.

ಆ ಮುಖ ನನಗೆ ಚೆನ್ನಾಗಿ ಗೊತ್ತು. ಡಿಸೆಂಬರ್ ಬಂದರೆ ನನ್ನದೂ ಅದೇ ಮುಖ. ತೋಟದ ಮನೆಯ ಕಣದಲ್ಲಿ ಕಾಫಿ ಹರವಿರುತ್ತೇವೆ. ಬೆಟ್ಟ ತೋರಿಸುವ ಜೀಪುಗಳು ಗೇಟಿನ ಹತ್ತಿರ ನಿಲ್ಲುತ್ತವೆ. ಜನ ಇಳಿದು, ಕೇಳದೆ ಕಣದೊಳಗೆ ಬಂದು, ಶೂ ಹಾಕಿದ ಕಾಲಲ್ಲೇ ಕಾಫಿಯ ಮೇಲೆ ನಿಂತು ಸೆಲ್ಫಿ ತೆಗೆಯುತ್ತಾರೆ. ಕಳೆದ ವರ್ಷ ಒಬ್ಬ, "ಆಂಟಿ, ಇದು ಕಡಲೆಕಾಯಿನಾ?" ಅಂತ ಕೇಳಿದ್ದ. ನಾನು ಬಕೆಟಿನ ನೀರು ಎತ್ತಿಕೊಂಡು ಓಡಿಸಿದ್ದೆ. ಅದೇ ನಾನು ಈಗ ಯಾರದೋ ಬನಿಯನ್ನಿನ ಕೆಳಗೆ ಆಟೊದಲ್ಲಿ ಕೂತು ಕತ್ತೆತ್ತಿ ನೋಡುತ್ತಿದ್ದೇನೆ. ನನ್ನ ಕೈಯಲ್ಲೂ ಫೋನಿತ್ತು. ಬ್ಯಾಗಿನೊಳಗೆ ತುರುಕಿದೆ, ಬೆರಳಿಗೆ ಬತ್ತಿ ತಾಗಿತು.

ಅಜ್ಜಿಯ ಬಾಗಿಲು

ಓಣಿ ತುಸು ಅಗಲವಾದಲ್ಲಿ ಟಿಯಾಗೊ ಮತ್ತೆ ನಿಲ್ಲಿಸಿದ. ಒಂದು ಸಣ್ಣ ಮನೆಯ ಬಾಗಿಲಲ್ಲಿ ಅಜ್ಜಿಯೊಬ್ಬರು ಸ್ಟೂಲ್ ಹಾಕಿ ಕೂತಿದ್ದರು. ಮುಂದೆ ಕುಳ್ಳ ಮೇಜು, ಅದರ ಮೇಲೆ ಕೆಂಪು ಬಾಟಲಿ, ಹೆಬ್ಬೆರಳುದ್ದದ ಗ್ಲಾಸುಗಳು. ಚೆರ್ರಿ ಹಣ್ಣಿನಿಂದ ಮನೆಯಲ್ಲೇ ಮಾಡಿದ್ದು, ರುಚಿ ನೋಡಿ ಎಂದ ಟಿಯಾಗೊ. ಅಜ್ಜಿ ಒಂದು ಗ್ಲಾಸು ತುಂಬಿ ಮುಂದೆ ಹಿಡಿದರು.

ಈಗ ನೋಡಿ, ಕೊಡಗಿನವರ ಹತ್ತಿರ ಮನೆಯಲ್ಲೇ ಮಾಡಿದ ವೈನು ಅಂತ ಹೇಳಿದರೆ ಏನಾಗುತ್ತದೆ ಅಂತ. ನಮ್ಮಲ್ಲಿ ಯಾವ ಮನೆಗೆ ಹೋದರೂ ಬಾಟಲಿ ಹೊರಗೆ ಬರುತ್ತದೆ, ಸಣ್ಣ ಗ್ಲಾಸು ಬರುತ್ತದೆ. ಕೊಟ್ಟರು ಎಂದರೆ ಒಳಗೆ ಬನ್ನಿ ಎಂದೇ ಅರ್ಥ. ಬಾಗಿಲಲ್ಲಿ ನಿಂತು ಕುಡಿದು ಹೋದರೆ ಮನೆಯವರಿಗೆ ಅವಮಾನ. ನಮ್ಮ ಯಜಮಾನರು ಗ್ಲಾಸು ಖಾಲಿ ಮಾಡಿ, "ಬಾರೀ ಲಾಯ್ಕ್ ಉಟ್ಟು," ಬಹಳ ಚೆನ್ನಾಗಿದೆ ಅಂತ, ಅಜ್ಜಿಗೆ ನಮ್ಮ ಮನೆಮಾತು ಅರೆಭಾಷೆಯಲ್ಲೇ ಹೇಳಿದರು. ಆಮೇಲೆ ಶೂ ಬಿಚ್ಚಿ ಗೋಡೆಯ ಬದಿಗೆ ಜೋಡಿಸಿಟ್ಟು, ಮೇಜು ಬಳಸಿ, ನೇರ ಮನೆಯೊಳಗೆ ಹೋಗಿ ಕುರ್ಚಿಯ ಮೇಲೆ ಕೂತೇ ಬಿಟ್ಟರು.

ಅಜ್ಜಿ ಕಿರುಚಿದರು. ಟಿಯಾಗೊ ತಲೆಗೆ ಕೈ ಹಚ್ಚಿ, "ಅಯ್ಯೋ, ಅದು ಅಂಗಡಿ ಸಾರ್! ಮಾರೋದಕ್ಕೆ ಇಟ್ಟಿದ್ದು! ಒಳಗೆ ಅವರ ಮನೆ!" ಎಂದು ಕೂಗಿದ.

ನನ್ನ ಮಾನ ಹೋಯಿತು. ಅವರನ್ನು ಎಳೆದುಕೊಂಡು ಬರಲು ನಾನೂ ಚಪ್ಪಲಿ ಬಿಟ್ಟು ಒಳಗೆ ಓಡಿದೆ. ಎಳೆಯಲು ಕೈ ಚಾಚಿದವಳು ಅಲ್ಲೇ ನಿಂತೆ. ಅವರ ತಲೆಯ ಹಿಂದೆ, ಮೂಲೆಯಲ್ಲಿ, ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಪುಟ್ಟ ಪೀಠ. ಕಾಗದದ ಹೂವು, ಸಣ್ಣ ಕುಂಡದಲ್ಲಿ ತುಳಸಿಯ ಹಾಗೆ ಘಮಘಮಿಸುವ ಗಿಡ. ಎಲ್ಲಕ್ಕಿಂತ ಮೇಲೆ ಕಂದು ನಿಲುವಂಗಿಯ ಸಂತ, ತೋಳಿನಲ್ಲಿ ಮಗು. ಫಿಲೋಮಿನಕ್ಕನ ಮನೆಯ ಟಿವಿಯ ಮೇಲಿನ ಗೋಡೆಯಲ್ಲಿ ಇರುವುದೂ ಇದೇ ಸಂತ, ಇದೇ ಮಗು.

ಅಜ್ಜಿ ನಮ್ಮ ಹಿಂದೆಯೇ ಒಳಗೆ ಬಂದರು. ಹೊರಗೆ ಜೋಡಿಸಿಟ್ಟ ಶೂಗಳನ್ನು ಒಮ್ಮೆ ನೋಡಿದರು, ನಮ್ಮ ಬರಿಗಾಲು ನೋಡಿದರು. ಮುಖ ಸ್ವಲ್ಪ ಸಡಿಲವಾಯಿತು. ಏನನ್ನಿಸಿತೋ, ಇನ್ನೊಂದು ಗ್ಲಾಸು ತುಂಬಿ ನನ್ನ ಮುಂದೆ ಹಿಡಿದರು. ನಾನು ಬಾಯಿಗೆ ಕೈ ಅಡ್ಡ ಹಿಡಿದು, ಬೇಡ ಅಂತ ತಲೆಯಾಡಿಸಿದೆ. ಹುಬ್ಬು ಗಂಟಿಕ್ಕಿದರು. ಇನ್ನು ಹೇಗೆ ಹೇಳಲಿ? ಬ್ಯಾಗಿನಿಂದ ಬತ್ತಿ ತೆಗೆದು ತೋರಿಸಿದೆ, ಸಂತನ ಕಡೆ ಕೈ ತೋರಿಸಿದೆ, ಹೊಟ್ಟೆ ಮುಟ್ಟಿಕೊಂಡೆ, ಗಂಟಲು ಮುಟ್ಟಿಕೊಂಡೆ. ನನಗೇ ನಗು ಬರುವಂಥ ಮೂಕಾಭಿನಯ.

ಅಜ್ಜಿ ಬತ್ತಿ ತೆಗೆದುಕೊಂಡು ಮೂಸಿದರು. ಮತ್ತೊಮ್ಮೆ ಮೂಸಿದರು. ಏನೋ ಕೇಳಿದರು.

"ಇದು ಜೇನಿನದಾ ಅಂತ ಕೇಳ್ತಿದ್ದಾರೆ," ಎಂದ ಟಿಯಾಗೊ ಬಾಗಿಲಿನಿಂದಲೇ. "ಆದರೆ ಮೇಡಂ, ಟೈಮ್ ಆಯ್ತು. ಇದೆಲ್ಲ ಟೂರಿನಲ್ಲಿ ಸೇರಿಲ್ಲ."

ಅಷ್ಟು ಸಾಕಾಯಿತು. ಬೆಳಗ್ಗಿನಿಂದ ತಡೆದಿಟ್ಟದ್ದೆಲ್ಲ ಕಿತ್ತುಕೊಂಡು ಬಂತು. ಇಂಗ್ಲಿಷು ಎಲ್ಲಿ ಹೋಯಿತೋ ಗೊತ್ತಿಲ್ಲ. "ಎಂತದು ಸೇರಿಲ್ಲ? ನಿಲ್ಲಿಸ್ತೀನಿ ಅಂತ ಹೇಳಿ ಹತ್ತಿಸಿಕೊಂಡೆ. ಚರ್ಚಿಗೆ ನಿಲ್ಲಿಸ್ಲಿಲ್ಲ, ಬಣ್ಣದ ಮೀನಿಗೆ ನಿಲ್ಲಿಸ್ದೆ. ಯಾರದೋ ಚಡ್ಡಿ ತೋರಿಸೋಕೆ ಟೈಮುಂಟು, ಒಂದು ಬತ್ತಿ ಹಚ್ಚೋಕೆ ಇಲ್ವಾ? ಒಬ್ಬರ ಹರಕೆ ಇದು, ಗೊತ್ತಾ ನಿಂಗೆ? ಆ ಅಕ್ಕ ಗಂಟಲು ಕಳ್ಕೊಂಡು ಕೂತಿದ್ದಾರೆ ಅಲ್ಲಿ!" ಎಂದು ಶುದ್ಧ ವಿರಾಜಪೇಟೆ ಕನ್ನಡದಲ್ಲಿ ಹರಿಹಾಯ್ದೆ.

ನಾನು ಉಸಿರು ತೆಗೆದುಕೊಳ್ಳುವ ಹೊತ್ತಿಗೆ ಅಜ್ಜಿ ಶುರು ಮಾಡಿದರು. ಅವರದು ಪೋರ್ಚುಗೀಸ್. ಬೆರಳು ಆಟೊದ ಕಡೆ, ಬಾಗಿಲಿನ ಕಡೆ, ಟಿಯಾಗೊನ ಮೂಗಿನ ಕಡೆ ಹೋಗಿ ಬರುತ್ತಿತ್ತು. ನನ್ನದು ಅವರಿಗೆ ತಿಳಿಯಲಿಲ್ಲ, ಅವರದು ನನಗೆ ತಿಳಿಯಲಿಲ್ಲ. ಆದರೂ ಇಬ್ಬರೂ ಒಬ್ಬನನ್ನೇ ಬೈಯುತ್ತಿದ್ದೇವೆ ಅಂತ ಇಬ್ಬರಿಗೂ ಗೊತ್ತಿತ್ತು.

"ಏನಂತಾರೆ?" ಎಂದು ಕೇಳಿದೆ.

ಟಿಯಾಗೊ ಕಿವಿ ಕೆರೆದುಕೊಂಡ. "ಗಾಡಿ ಬಾಗಿಲಿಗೆ ಅಡ್ಡ ನಿಲ್ಲಿಸಬೇಡ ಅಂತ ದಿನಾ ಹೇಳ್ತೀನಿ, ಕೇಳಲ್ಲ ಅಂತಾರೆ. ಮತ್ತೆ... ಬತ್ತಿ ಉರಿದು ಮುಗಿಯುವವರೆಗೆ ತಾವೇ ಕಾಯ್ತಾರಂತೆ. ಇಲ್ಲೇ ಹಚ್ಚೋಕೆ ಹೇಳ್ತಿದ್ದಾರೆ."

ಅಜ್ಜಿ ಗ್ಯಾಸ್ ಸ್ಟವ್ ಹೊತ್ತಿಸಿ ಅದರಿಂದ ಬತ್ತಿಗೆ ಬೆಂಕಿ ಹಿಡಿಸಿದರು. ನಾನೇ ಸಂತನ ಕಾಲ ಬುಡದಲ್ಲಿಟ್ಟೆ. ಆ ಪುಟ್ಟ ಕೋಣೆಯಲ್ಲಿ ಕರಿಕೆಯ ಜೇನಿನ ವಾಸನೆ ಹರಡಿತು. ಫಿಲೋಮಿನಕ್ಕನಿಗೆ ಪೂರ್ತಿ ಧ್ವನಿ ಕೊಡಪ್ಪ, ಅರ್ಧ ಕೊಟ್ಟು ಕೈ ತೊಳೆದುಕೊಳ್ಳಬೇಡ ಎಂದು ಕೇಳಿಕೊಂಡೆ. ಬೈಯುವ ಧಾಟಿ ಇನ್ನೂ ಬಿಟ್ಟಿರಲಿಲ್ಲ. ಅಳು ಬಂತು, ಅತ್ತೆ.

ಅಜ್ಜಿ ಗ್ಲಾಸನ್ನು ಮತ್ತೆ ಕೈಗಿತ್ತರು. ಈಗ ಬೇಡ ಅನ್ನಲು ಕಾರಣವಿರಲಿಲ್ಲ. ಹೀಗೆ, ಜೀವಮಾನದಲ್ಲಿ ಮೊದಲ ಸಲ, ಉಪವಾಸವನ್ನು ಮದ್ಯದಿಂದ ಮುರಿದೆ. ಯಜಮಾನರು ಕುಡಿದದ್ದಕ್ಕೆ ಹಣ ಕೊಟ್ಟರು. ಅಜ್ಜಿ ಯಾವ ಸಂಕೋಚವೂ ಇಲ್ಲದೆ ತೆಗೆದುಕೊಂಡರು. ನನ್ನ ಗ್ಲಾಸಿಗೆ ಮಾತ್ರ ಬೇಡವೆಂದರು.

ಮೇಲಿನ ಕಟ್ಟೆ

ವ್ಯೂ ಪಾಯಿಂಟಿನ ಬಗ್ಗೆ ಹೆಚ್ಚು ಹೇಳಲಾರೆ. ಖಾಲಿ ಹೊಟ್ಟೆಗೆ ಹೋದ ಚೆರ್ರಿ ನೇರ ತಲೆಗೇರಿತ್ತು. ಕೆಂಪು ಹೆಂಚಿನ ಮಾಡುಗಳು ಗುಡ್ಡದಿಂದ ಕೆಳಗೆ ಇಳಿದು ಹೋಗಿದ್ದವು, ಅದರಾಚೆ ಎರಡು ನದಿಗಳು ಹೊಳೆಯುತ್ತಿದ್ದವು.

"ಒಂದೇ ನದಿ ಉಟ್ಟು," ಎಂದರು ಯಜಮಾನರು.

"ನೀವು ಅಂಗಡಿಯನ್ನು ಮನೆ ಅಂದ್ಕೊಂಡವರು, ಸುಮ್ನಿರಿ," ಎಂದೆ.

ಟಿಯಾಗೊ ಎಲ್ಲೋ ಹೋಗಿ ಬ್ರೆಡ್ಡಿನ ನಡುವೆ ಇಟ್ಟ ಎರಡು ಸುಟ್ಟ ಮತ್ತಿ ತಂದುಕೊಟ್ಟ. ತಿಂದೆ, ಮುಳ್ಳು ಸಮೇತ. ಅಷ್ಟಕ್ಕೆಲ್ಲ ಅವನನ್ನು ಕ್ಷಮಿಸಿದೆ ಅಂತ ತಿಳಿಯಬೇಡಿ. ಇಳಿಯುವಾಗ ಮತ್ತೆ ಎರಡೂ ಕೈ ಎತ್ತಿದ.

ಮತ್ತೆ ವಿರಾಜಪೇಟೆ

ಊರಿಗೆ ಬಂದ ಮರುದಿನವೇ ಫಿಲೋಮಿನಕ್ಕನ ಜಗಲಿಗೆ ಹೋದೆ. ಎದೆಯಲ್ಲಿ ಅಳುಕಿತ್ತು. ಹರಕೆ ಚರ್ಚಿಗೆ, ಹಚ್ಚಿದ್ದು ಯಾರದೋ ಮನೆಯ ಮೂಲೆಯಲ್ಲಿ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಟಿಯಾಗೊನನ್ನು ಇನ್ನೊಂದು ಸುತ್ತು ಬೈದೆ.

ಅಕ್ಕ ಪೂರ್ತಿ ಕೇಳಿಸಿಕೊಂಡರು. ಆಮೇಲೆ ನನ್ನ ಕಡೆ ಬಾಗಿ ಪಿಸುಗುಟ್ಟಿದರು, "ಅಂತೋಣಿಯಪ್ಪ ಹುಟ್ಟಿದ್ದು ಮನೇಲೇ ಅಲ್ವಾ ಗಿರಿಜಾ? ಚರ್ಚು ಕಟ್ಟಿದ್ದು ಆಮೇಲೆ." ಮತ್ತೆ, "ಅದಿರ್ಲಿ, ಉಪವಾಸ ಇರೋಕೆ ನಿಂಗೆ ಯಾರು ಹೇಳಿದ್ದು? ನಮ್ಮಲ್ಲಿ ಹಾಗೆಲ್ಲ ಇಲ್ವಲ್ಲ!" ಎಂದು ಭುಜ ಕುಲುಕಿಸುತ್ತ ಸದ್ದಿಲ್ಲದೆ ನಕ್ಕರು. ಒಳಗೆ ಹೋಗಿ ತಾವೇ ಮಾಡಿದ ದ್ರಾಕ್ಷಿ ವೈನು ತಂದರು, ಎರಡು ಸಣ್ಣ ಗ್ಲಾಸು. ಮಳೆ ಬಿಟ್ಟಿತ್ತು, ಜಗಲಿಯಲ್ಲೇ ಕೂತೆವು.

ಆಗ ಗೇಟಿನ ಮುಂದೆ ಒಂದು ಜೀಪು ನಿಂತಿತು. ಹಿಂದೆ ನಾಲ್ಕೈದು ಜನ ಪ್ರವಾಸಿಗರು. ಹಳೆಯ ಹೆಂಚಿನ ಮನೆ, ಜಗಲಿ, ಗ್ಲಾಸು ಹಿಡಿದ ಇಬ್ಬರು ಮುದುಕಿಯರು. ಫೋನುಗಳು ಮೇಲೆದ್ದವು. ನನಗೆ ಎಲ್ಲಿತ್ತೋ ಸಿಟ್ಟು, ದಡದಡ ಇಳಿದು ಹೋದೆ. ಬಕೆಟ್ ಹುಡುಕಬೇಕಿತ್ತು. ಕೈ ಗೇಟಿನ ಚಿಲಕ ತೆಗೆಯಿತು.

"ಅಲ್ಲಿಂದ ಎಂತ ಫೋಟೊ? ಇಳೀರಿ. ಶೂ ಬಿಚ್ಚಿ ಒಳಗೆ ಬನ್ನಿ. ವೈನುಂಟು, ಕುಡಿದು ಹೋಗಿ," ಎಂದೆ.

ಅವರು ಮುಖ ಮುಖ ನೋಡಿಕೊಂಡರು. ಒಬ್ಬಳು ಹುಡುಗಿ ಇಳಿಯಲು ಕಾಲು ಹೊರಗೆ ಹಾಕಿದಳು. ಅಷ್ಟರಲ್ಲಿ ಡ್ರೈವರ್, "ಇವರಿಗೆ ಟೈಮಿಲ್ಲಮ್ಮ, ಇನ್ನೂ ಮೂರು ಪಾಯಿಂಟ್ ಬಾಕಿ ಉಂಟು," ಎಂದು ಗೇರ್ ಹಾಕಿದ. ಹುಡುಗಿ ಕಾಲು ಎಳೆದುಕೊಂಡಳು. ಜೀಪು ಹೊರಟಿತು.

"ಏಯ್! ನಿಲ್ಸೋ ಗಾಡಿ! ಮನೆಗೆ ಕರೆದ್ರೆ ಬರದೆ ಹೋಗ್ತೀರಾ?"

ಎದುರು ಮನೆಯ ಕಿಟಕಿ ತೆರೆಯಿತು. ಜೀಪು ತಿರುವಿನಲ್ಲಿ ಗಕ್ಕನೆ ನಿಂತಿತು. ಕೂಗಿದ್ದು ನಾನಲ್ಲ. ಹಿಂದೆ ತಿರುಗಿದೆ. ಫಿಲೋಮಿನಕ್ಕ ಜಗಲಿಯ ತುದಿಯಲ್ಲಿ ಕುತ್ತಿಗೆಗೆ ಕೈ ಹಚ್ಚಿಕೊಂಡು, ಬಿಟ್ಟ ಬಾಯಿ ಬಿಟ್ಟ ಹಾಗೆಯೇ ನಿಂತಿದ್ದರು.